ಕೆ.ಜಿ.ಎಫ್.: ಯಾರ ಕಣ್ಣಿನ ಊರು?

ಕೋಲಾರದ ಚಿನ್ನದ ಗಣಿ ನೋಡಲು ಹೋಗುವವರಿಗಾಗಿ ಅಚ್ಚಾದ ಪುಸ್ತಿಕೆಯೊಂದು ಮೊನ್ನೆ ನಮ್ಮ ಕೈಗೆ ಬಂತು. ನುಣುಪು ಕಾಗದ, ಬಣ್ಣದ ಚಿತ್ರ. ಮೊದಲ ಸಾಲಲ್ಲೇ 'ಲಿಟಲ್ ಇಂಗ್ಲೆಂಡ್' ಅಂತ ಬೆಣ್ಣೆ ಹಚ್ಚಿದ್ದಾರೆ. ದೊರೆಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚು, ಹತ್ತಿರದ ಕಮ್ಮಸಂದ್ರದ ಕೋಟಿಲಿಂಗ, ಎಲ್ಲ ಇದೆ. ಚಿನ್ನ ತೆಗೆದವನು ಮಾತ್ರ ಇಲ್ಲ. ಹುಡುಕಿದರೆ ಕೊನೆಯ ಪುಟದಲ್ಲಿ 'ಕೂಲಿಗಳು' ಎಂಬ ಒಂದು ಪದ ಸಿಗುತ್ತದೆ.

ಇದೇನು ವಿಮರ್ಶೆ ಮಾಡುವ ಪುಸ್ತಕವೇ ಎಂದು ಕೇಳುವ ಪಂಡಿತರು ಇದ್ದಾರೆ. ಗೆಳೆಯರೇ, ಕವಿತೆ ಕಾದಂಬರಿಗಿಂತ ಹೆಚ್ಚು ಜನ ಓದುವುದು ಇಂಥವನ್ನೇ. ಶಾಲೆಯ ಮಕ್ಕಳು ಪ್ರವಾಸ ಪ್ರಬಂಧಕ್ಕೆ ನಕಲು ಮಾಡುವುದೂ ಇವನ್ನೇ. ಒಂದು ಊರನ್ನು ಯಾರ ಕಣ್ಣಿಂದ ಬರೆದಿದ್ದಾರೆ ಅಂತ ನೋಡದೆ ಹೋದರೆ ನಾಳೆ ನಮ್ಮ ಕೇರಿಯನ್ನೂ ಹೀಗೇ ಬರೆದುಬಿಡುತ್ತಾರೆ.

ಮೊದಲು ಆ 'ಕಂಡುಹಿಡಿದ' ಕತೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್, ಅವನ ಬರಹ ಓದಿ 1871ರಲ್ಲಿ ಬಂದ ಲಾವೆಲ್ಲೆ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ. ಪುಸ್ತಿಕೆಗಳಿಗೆ ಈ ಮೂರು ಹೆಸರೇ ಇತಿಹಾಸ. ಆದರೆ ವಾರನ್ ಬಂದಾಗ ಏನಾಯಿತು? ಚಿನ್ನ ತೋರಿಸಿದವರಿಗೆ ಬಹುಮಾನ ಅಂದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಕಣ್ಣೆದುರೇ ತೊಳೆದು ಹೊಳೆಯುವ ಪುಡಿ ತೋರಿಸಿದರು. ಅಲ್ಲಿ ಗುಂಡಿಗಿಳಿದು ಮಣ್ಣು ತೆಗೆಯುವ ಜನ ಮೊದಲೇ ಇದ್ದರು. ತೋರಿಸಿದವನ ಹೆಸರು ಯಾರಿಗೂ ಬೇಡ, ನೋಡಿದವನ ಹೆಸರು ಪಾಠವಾಯಿತು.

ಎರಡನೆಯ ಹೆಮ್ಮೆ ಕರೆಂಟು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಬೆಂಗಳೂರಿಗೆ ಬೆಳಕು ಬಂದದ್ದೇ 1905ರಲ್ಲಿ. ನಿಜ, ದೊಡ್ಡ ಕೆಲಸ. ಆದರೆ ಆ ತಂತಿ ಕಾವೇರಿಯಿಂದ ಹೊರಟದ್ದು ಊರನ್ನು ಬೆಳಗಲಿಕ್ಕಲ್ಲ, ಕಂಪನಿಯ ಯಂತ್ರ ತಿರುಗಿಸಲಿಕ್ಕೆ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ಹಾಕಿದ ರೈಲೂ ಹಂಗೇ.

ಈಗ ಪುಸ್ತಿಕೆಯಲ್ಲಿಲ್ಲದ ಊರಿಗೆ ಬರೋಣ. ಅದು ನೆಲದ ಕೆಳಗಿದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅಲ್ಲಿನ ಬಂಡೆಯ ಕಾವು 60 ಡಿಗ್ರಿ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿದು ಒಳಗಿದ್ದವರ ಮೇಲೆ ಬೀಳುತ್ತಿತ್ತು. ಬಂಡೆ ಬಿಟ್ಟರೂ ಧೂಳು ಬಿಡುತ್ತಿರಲಿಲ್ಲ, ಶ್ವಾಸಕೋಶಕ್ಕೆ ಹೊಕ್ಕು ಸಿಲಿಕೋಸಿಸ್ ಆಗಿ ಕೂರುತ್ತಿತ್ತು. ಪಾಳಿ ಮುಗಿಸಿ ಮೇಲೆ ಬಂದರೆ ಕಾವಲುಗಾರರು ಮೈಯೆಲ್ಲ ತಡಕುತ್ತಿದ್ದರು. ಆಳಕ್ಕಿಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ಆದಿದ್ರಾವಿಡರು. ಊರ ಗೌಡನ ಜೀತ ಬಿಟ್ಟು ಬಂದರೆ ತಿಂಗಳಿಗೆ ಕೈಯಲ್ಲಿ ಕಾಸು ಸಿಗುತ್ತದೆ ಅನ್ನೋದೇ ಅವರಿಗೆ ಈ ಊರಿನ ಆಕರ್ಷಣೆ. ಇದನ್ನು ನಾವು ಹಗುರವಾಗಿ ಹೇಳುತ್ತಿಲ್ಲ. ಜೀತ ಕಂಡ ಮನೆಯಿಂದ ಬಂದವರಿಗೆ ಆ ಕಾಸಿನ ತೂಕ ಗೊತ್ತು. ಕೊಟ್ಟ ವಸತಿ ಬಿದಿರು ತಟ್ಟಿಯ ಸಾಲುಮನೆ. ಒಂದೊಂದು ಸಾಲಿಗೂ 'ಲೈನು' ಎಂದು ಹೆಸರು.

ಪುಸ್ತಿಕೆ ಮರೆತದ್ದನ್ನು ಸಿನಿಮಾ ನೆನಪಿಸಿತೇ? 2018ರಲ್ಲಿ, ಮತ್ತೆ 2022ರಲ್ಲಿ, 'ಕೆ.ಜಿ.ಎಫ್.' ಎಂಬ ಹೆಸರು ದೇಶಕ್ಕೆಲ್ಲ ಮುಟ್ಟಿತು. ಸೈನೈಡ್ ದಿಬ್ಬಗಳ ಮೇಲೇ ಶೂಟಿಂಗ್ ಮಾಡಿದರು. ಆದರೆ ಆ 'ನರಾಚಿ'ಯ ಗಣಿಯಲ್ಲಿ ದುಡಿಯುವವರು ಮಸಿ ಬಳಿದ ಮುಖಗಳು ಮಾತ್ರ. ಜಾತಿಯಿಲ್ಲ, ಸಂಘವಿಲ್ಲ, ಓದಿಲ್ಲ. ಹೊರಗಿಂದ ಒಬ್ಬ ವೀರ ಬಂದು ಬಿಡಿಸಲಿ ಅಂತ ಕಾಯುವ ಗುಂಪು. ಲಿಟಲ್ ಇಂಗ್ಲೆಂಡಿನವರು ನಮ್ಮವರನ್ನು ಕಾಣಿಸಲಿಲ್ಲ. ಇವರು ಕಾಣಿಸಿ ಮೂಕರನ್ನಾಗಿ ಮಾಡಿದರು. ಯಾವುದು ಹೆಚ್ಚು ಕೆಟ್ಟದ್ದು ಎಂದು ನಮ್ಮ ರೂಮಿನಲ್ಲಿ ಒಂದು ರಾತ್ರಿಯೆಲ್ಲ ಜಗಳವಾಯಿತು, ತೀರ್ಮಾನ ಆಗಲಿಲ್ಲ. 2024ರ 'ತಂಗಲಾನ್' ಆ ಜನರನ್ನು ಹೆಸರು ಹಿಡಿದು ನಡುವೆ ನಿಲ್ಲಿಸಿತು, ಅದು ದೊಡ್ಡ ಮಾತು. ಆದರೂ ಮಾಟ ಮಾಯೆಯ ಹೊಗೆ ಸ್ವಲ್ಪ ಜಾಸ್ತಿಯಾಯಿತು.

ಈ ಜನ ಯಾವ ವೀರನಿಗೂ ಕಾಯಲಿಲ್ಲ. ಪಂಡಿತ ಅಯೋತಿದಾಸರು ಮದ್ರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘಕ್ಕೆ ಇಲ್ಲಿ, ಮಾರಿಕುಪ್ಪ ಚಾಂಪಿಯನ್ ರೀಫ್ ಲೈನುಗಳಲ್ಲಿ, ಶಾಖೆಗಳಿದ್ದವು. ನಾಗಪುರದಲ್ಲಿ ಬಾಬಾಸಾಹೇಬರು 1956ರಲ್ಲಿ ದೀಕ್ಷೆ ತೆಗೆದುಕೊಳ್ಳುವ ಎಷ್ಟೋ ವರ್ಷ ಮೊದಲೇ ಗಣಿಯ ಕೂಲಿಗಳು ಬುದ್ಧನನ್ನು ಮನೆಗೆ ಕರೆದಿದ್ದರು. ಅಯೋತಿದಾಸರು 1914ರಲ್ಲಿ ತೀರಿಕೊಂಡ ಮೇಲೆ ಅವರ ಬರಹಗಳನ್ನು ಅಚ್ಚು ಹಾಕಿ ಉಳಿಸಿದ್ದರಲ್ಲಿ ಈ ಊರಿನ ಪಾಲು ದೊಡ್ಡದು. ಕೂಲಿಕಾರರ ಊರಿನಲ್ಲಿ ಪುಸ್ತಕದಂಗಡಿ, ಪತ್ರಿಕೆ! ಪುಸ್ತಿಕೆ ಬರೆದವರಿಗೆ ಗಾಲ್ಫ್ ಮೈದಾನ ಕಂಡಿತು, ಇದು ಕಾಣಲಿಲ್ಲ. 1930ರಲ್ಲಿ ಕಂಪನಿ ಬೆರಳಚ್ಚು ಕೊಡಿ ಅಂದಾಗ 'ನಾವೇನು ಕಳ್ಳರಾ' ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕೂಲಿಯ ಜಗಳಕ್ಕಿಂತ ಮಾನದ ಜಗಳ ಅದು. 1946ರಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಸತ್ತರು.

ಇಷ್ಟೆಲ್ಲ ಹೇಳಿ ನಮ್ಮನ್ನು ನಾವು ಬಿಟ್ಟುಕೊಂಡರೆ ಮೋಸವಾಗುತ್ತದೆ. ನಮ್ಮ ಕನ್ನಡದ ಬಂಡಾಯದವರು ಎಷ್ಟು ಮಂದಿ ಈ ಲೈನುಗಳಿಗೆ ಹೋಗಿ ಕೂತೆವು? ಅವರ ಮಾತು ತಮಿಳು, ಅವರ ಕವಿತೆ ತಮಿಳು ಅಂತ ದೂರ ಇಟ್ಟೆವು. ಜಾತಿಯವನು ಕೇರಿಯನ್ನು ದೂರ ಇಟ್ಟ ಹಾಗೆ ನಾವು ಭಾಷೆಯ ನೆಪದಲ್ಲಿ ನಮ್ಮವರನ್ನೇ ದೂರ ಇಟ್ಟೆವು. ಅಯೋತಿದಾಸರ ಹೆಸರನ್ನು ನಾವು ಕೇಳಿದ್ದು ಡಿಗ್ರಿ ಮುಗಿದ ಮೇಲೆ, ಅದೂ ಒಬ್ಬ ರೈಲ್ವೆ ಗ್ಯಾಂಗ್‌ಮನ್ ಬಾಯಲ್ಲಿ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸುಮಾರು 120 ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಹೋಗಿತ್ತು. ಉಳಿದದ್ದು ಸೈನೈಡ್ ಬೆರೆತ ದಿಬ್ಬ, ಗಾಳಿ ಎದ್ದರೆ ಅನ್ನದ ತಟ್ಟೆಗೆ ಬೀಳುವ ಧೂಳು, ಬೆಳಗಿನ ಜಾವ ಬೆಂಗಳೂರಿಗೆ ಕೂಲಿಗೆ ಹೋಗುವ ಜನರ ರೈಲು. 2024ರಲ್ಲಿ ಆ ದಿಬ್ಬಗಳಲ್ಲೂ ಚಿನ್ನ ಉಳಿದಿದೆ, ಹರಾಜು ಹಾಕೋಣ ಅಂತ ರಾಜ್ಯದ ಸಂಪುಟ ಒಪ್ಪಿಗೆ ಕೊಟ್ಟಿತು. ಧೂಳು ಕುಡಿದವರ ಪಾಲೆಷ್ಟು ಅನ್ನೋದನ್ನು ಲೈನಿನವರು ಕೇಳುತ್ತಾರೆ, ಪುಸ್ತಿಕೆ ಕೇಳುವುದಿಲ್ಲ.

ಕಳೆದ ಸಲ ಹೋದಾಗ ಲೈನಿನ ಜಗುಲಿಯ ಮೇಲೆ ಕೂತಿದ್ದ ತಾತನೊಬ್ಬ ನಮ್ಮ ಕೈಲಿದ್ದ ಪುಸ್ತಿಕೆ ನೋಡಿ, "ಕ್ಲಬ್ ಆ ಕಡೆ ಇದೆ ಹೋಗ್ರಪ್ಪಾ" ಅಂದ. "ನಾವು ಕ್ಲಬ್ ನೋಡೋಕೆ ಬಂದಿಲ್ಲ ತಾತ, ನಿಮ್ಮನ್ನೇ ನೋಡೋಕೆ ಬಂದ್ವಿ" ಅಂದೆವು. ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರುಗಳೇ, ಮಾರಿಕುಪ್ಪದಲ್ಲಿ ಇಳಿದು ಮೊದಲು ಆ ಜಗುಲಿಗೆ ಹೋಗಿ. ತಮಿಳು ಬರದಿದ್ದರೂ ಪರವಾಗಿಲ್ಲ, ತಾತ ಕನ್ನಡದಲ್ಲೇ ಮಾತಾಡುತ್ತಾನೆ.