ಡಬ್ಬದ ಮೇಲೆ ಒಂದೇ ಹೆಸರು

ಇಂದಿರಾನಗರದ ಗೆಳೆಯ ಕೊಟ್ಟ ಹಳೇ ಡೆಸ್ಕ್‌ಟಾಪನ್ನು ಕೆ.ಆರ್. ಪುರದ ಮನೆಗೆ ತಂದೆ. ಡಿಪ್ಲೊಮಾ ಓದ್ತಿರೋ ತಂಗಿ ಅದರಲ್ಲಿ ತ್ರೀಡಿ ಡ್ರಾಯಿಂಗ್ ಮಾಡಬೇಕು. ಗಿಡ್ಡ ಕ್ಯಾಬಿನೆಟ್ಟು, 240 ವ್ಯಾಟಿನ ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡಿಗೆ ಬೇರೆ ವೈರೇ ಇಲ್ಲ. ಸ್ಲಾಟ್ ಕೊಡೋದು ಹೆಚ್ಚೆಂದರೆ 75 ವ್ಯಾಟ್. ನನ್ನ ದುಡ್ಡಿಗೆ ಹೊಂದಿದ್ದು ಜಿಟಿ 1030, ಅದೂ ಅರ್ಧ ಎತ್ತರದ್ದು.

ನನ್ನ ತಕರಾರು ಈ ಹೆಸರಿನ ಬಗ್ಗೆ. 2017ರ ಜಿಟಿ 1030ರಲ್ಲಿ ಇದ್ದದ್ದು ಜಿಡಿಡಿಆರ್5 ಮೆಮೊರಿ. ಸೆಕೆಂಡಿಗೆ 48 ಜಿಬಿ ಸಾಗಿಸುತ್ತೆ. 2018ರಲ್ಲಿ ಅದೇ ಹೆಸರಿಗೆ ಡಿಡಿಆರ್4 ಹಾಕಿ ಬಿಟ್ಟರು. 17 ಜಿಬಿಯೂ ಇಲ್ಲ. ಬರೀ ಎರಡನೇ ಮಾನಿಟರಿಗಾದ್ರೆ ಅದೂ ಸಾಕು, ಒಪ್ತೀನಿ. ಆದರೆ ಹೆಸರು ಯಾಕೆ ಒಂದೇ? ನಮ್ಮೂರ ಸಂತೇಲಿ ಸೋನಾಮಸೂರಿ ಅಂತ ಬರೆದ ಚೀಲದಲ್ಲಿ ನುಚ್ಚು ತುಂಬಿದ್ರೆ ಅವನನ್ನ ಸುಮ್ನೆ ಬಿಡ್ತಿರಲಿಲ್ಲ. ಇಲ್ಲಿ ಡಬ್ಬದ ಮೂಲೇಲಿ ಸಣ್ಣಕ್ಷರದಲ್ಲಿ ಡಿಡಿಆರ್4 ಅಂತಿದ್ರೆ ಮುಗೀತು.

ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಚಿಕ್ಕಪೇಟೆಯಲ್ಲಿಳಿದು ಎಸ್.ಪಿ. ರೋಡಿಗೆ ನಡೆದೆ. ಎರಡು ಅಂಗಡೀಲಿ "ಎರಡೂ ಒಂದೇ ಸಾರ್" ಅಂದ್ರು. ಮೂರನೇ ಅಂಗಡಿಯ ಹುಡುಗ ಮಾತ್ರ ನಾನು ಬಾಯಿ ಬಿಡೋ ಮುಂಚೆಯೇ "ಯಾವ್ ಡಿಡಿಆರ್ ಅಣ್ಣಾ?" ಅಂದ. ಅವನ ಹತ್ರಾನೇ ಸೆಕೆಂಡ್ ಹ್ಯಾಂಡ್ ಜಿಡಿಡಿಆರ್5 ತಗೊಂಡೆ. ಫ್ಯಾನು ಸ್ವಲ್ಪ ಗುರ್ ಅನ್ನುತ್ತೆ.