ಎರಡು ಕೈ, ಒಂದು ಕೊರಳು: ವಾಷಿಂಗ್ಟನ್ನಿನ ಶೆರ್ಲಿ ಹಾರ್ನ್

ಜಾಝ್ ಎಂದ ಕೂಡಲೇ ನಮ್ಮಲ್ಲಿ ಬಹಳ ಜನರ ಕಣ್ಣಮುಂದೆ ಬರುವುದು ಟ್ರಂಪೆಟ್, ಡ್ರಮ್ಮು, ಹೊಗೆ ತುಂಬಿದ ಕೋಣೆ ಮತ್ತು ಕಿವಿಗಡಚಿಕ್ಕುವ ವೇಗ. ಹಳೆಯ ಹಿಂದಿ ಸಿನಿಮಾಗಳ ಕ್ಲಬ್ ದೃಶ್ಯಗಳು ಈ ಚಿತ್ರವನ್ನು ಇನ್ನಷ್ಟು ಗಟ್ಟಿ ಮಾಡಿವೆ. ಇದೇ ಕಲ್ಪನೆ ಇಟ್ಟುಕೊಂಡು ಶೆರ್ಲಿ ಹಾರ್ನ್ ಅವರ ಹಾಡು ಕೇಳಲು ಕೂತವರು ಮೊದಲ ನಿಮಿಷದಲ್ಲಿ ಯಂತ್ರ ಕೆಟ್ಟು ನಿಂತಿತೇ ಎಂದು ಎದ್ದು ನೋಡಿಬಂದರೂ ಆಶ್ಚರ್ಯವಿಲ್ಲ. ಅಷ್ಟು ನಿಧಾನ. ಪಿಯಾನೊದಲ್ಲಿ ಮೂರ್ನಾಲ್ಕು ಸ್ವರಗಳು ಒಟ್ಟಿಗೆ ಮೂಡುತ್ತವೆ, ಕರಗುತ್ತವೆ. ಏನೂ ಆಗುವುದಿಲ್ಲ. ಆಮೇಲೆ, ಪಕ್ಕದಲ್ಲಿ ಕೂತವರಿಗೆ ಏನನ್ನೋ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರ ದನಿಯಲ್ಲಿ ಅರ್ಧ ಸಾಲು. ಉಳಿದರ್ಧಕ್ಕೆ ಮತ್ತೆ ಕಾಯಬೇಕು.

ವಿಲಂಬಿತ ಖಯಾಲಿಗೆ ಒಗ್ಗಿದ ನಮ್ಮ ಕಿವಿಗೆ ನಿಧಾನವೇನೂ ಹೊಸತಲ್ಲ. ಆದರೆ ಅಲ್ಲಿ ಆ ನಿಧಾನದ ಬಯಲನ್ನು ಗಾಯಕರು ಆಲಾಪದಿಂದ ತುಂಬುತ್ತ ಹೋಗುತ್ತಾರೆ. ಶೆರ್ಲಿ ತುಂಬುವುದಿಲ್ಲ. ಬಯಲು ಬಯಲಾಗಿಯೇ ಉಳಿಯುತ್ತದೆ. ಅಮೆರಿಕದ ನಾಟಕ, ಸಿನಿಮಾಗಳಿಗಾಗಿ ಬರೆದ, ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತಿದ್ದ ಹಾಡುಗಳನ್ನು ಇವರು ಆರೇಳು ನಿಮಿಷಗಳವರೆಗೆ ಹಿಗ್ಗಿಸುತ್ತಾರೆ. ಹಾಗೆಂದು ಅಲಂಕಾರವನ್ನೇನೂ ಸೇರಿಸುವುದಿಲ್ಲ. ಈ ಬಗೆಯ ಹಾಡಿಕೆ ಡ್ರಮ್ಮಿನವರಿಗೆ ದೊಡ್ಡ ಸಂಕಟ. ವೇಗದ ಹಾಡಿನಲ್ಲಿ ಲಯ ತನ್ನಿಂದ ತಾನೇ ಓಡುತ್ತದೆ. ಇಷ್ಟು ನಿಧಾನದಲ್ಲಿ ಒಂದು ಪೆಟ್ಟಿನಿಂದ ಇನ್ನೊಂದು ಪೆಟ್ಟಿಗೆ ಹೋಗುವಷ್ಟರಲ್ಲಿ ದಾರಿ ತಪ್ಪಬಹುದು.

ಶೆರ್ಲಿ ಅವರ ಬಗ್ಗೆ ಬರೆದವರೆಲ್ಲ ಸಾಮಾನ್ಯವಾಗಿ ಒಂದೇ ಕಥೆ ಹೇಳುತ್ತಾರೆ. 1960ರಲ್ಲಿ ಬೆಳಕಿಗೆ ಬಂದರು, ಮಗಳನ್ನು ಬೆಳೆಸಲೆಂದು ಊರಿನಲ್ಲೇ ಉಳಿದರು, ಇಪ್ಪತ್ತು ವರ್ಷ ಕಳೆದುಕೊಂಡರು, ಐವತ್ತು ದಾಟಿದ ಮೇಲೆ ಲೋಕ ಗುರುತಿಸಿತು. ಕಥೆ ಸುಳ್ಳಲ್ಲ. ಆದರೆ 'ಕಳೆದುಕೊಂಡರು' ಎಂಬ ಮಾತಿನ ಬಗ್ಗೆ ನನಗೆ ತಕರಾರಿದೆ.

ಅವರು ಹುಟ್ಟಿದ್ದು 1934ರ ಮೇ 1ರಂದು, ವಾಷಿಂಗ್ಟನ್ ನಗರದಲ್ಲಿ. ನಮಗೆ ಆ ಹೆಸರು ಎಂದರೆ ಶ್ವೇತಭವನ. ಆದರೆ ಅದು ಕಪ್ಪು ಜನರ ದೊಡ್ಡ ಊರೂ ಹೌದು. ಡ್ಯೂಕ್ ಎಲಿಂಗ್ಟನ್ ಹುಟ್ಟಿದ್ದು ಅಲ್ಲೇ. ಕಪ್ಪು ಜನರ ಉನ್ನತ ಶಿಕ್ಷಣಕ್ಕೆ ಹೆಸರಾದ ಹೋವರ್ಡ್ ವಿಶ್ವವಿದ್ಯಾಲಯ ಇರುವುದೂ ಅಲ್ಲೇ. ಅಜ್ಜಿ ಹವ್ಯಾಸಕ್ಕೆ ಆರ್ಗನ್ ನುಡಿಸುತ್ತಿದ್ದವರು. ಅವರ ಒತ್ತಾಸೆಯಿಂದ ಮೊಮ್ಮಗಳು ನಾಲ್ಕನೇ ವಯಸ್ಸಿಗೇ ಪಿಯಾನೊ ಮುಂದೆ ಕೂತಳು. ಹನ್ನೆರಡಕ್ಕೆ ಹೋವರ್ಡಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಾಠ. ನ್ಯೂಯಾರ್ಕಿನ ಪ್ರತಿಷ್ಠಿತ ಜೂಲಿಯಾರ್ಡ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು, ಆದರೆ ಅಲ್ಲಿಟ್ಟು ಓದಿಸುವಷ್ಟು ಹಣ ಮನೆಯಲ್ಲಿರಲಿಲ್ಲ. 'ಊರಲ್ಲೇ ಉಳಿದರು' ಎಂಬ ಕಥೆ ಶುರುವಾಗುವುದು ಇಲ್ಲಿಂದ, ಮಗಳಿಂದಲ್ಲ ಎಂಬುದನ್ನು ಗಮನಿಸಬೇಕು.

ಹಾಡಲು ತೊಡಗಿದ್ದರ ಹಿಂದೆ ಒಂದು ತಮಾಷೆಯ ಪ್ರಸಂಗವಿದೆ. ಹದಿನೇಳರ ಹುಡುಗಿ ಹೋಟೆಲೊಂದರಲ್ಲಿ ಪಿಯಾನೊ ನುಡಿಸುತ್ತಿದ್ದಾಗ ಗಿರಾಕಿಯೊಬ್ಬರು ದೊಡ್ಡದೊಂದು ನೀಲಿ ಕರಡಿಗೊಂಬೆ ತಂದಿದ್ದರಂತೆ. ತನಗಿಷ್ಟವಾದ ಹಾಡೊಂದನ್ನು ಹಾಡಿದರೆ ಗೊಂಬೆ ನಿನಗೆ ಎಂದರಂತೆ. ನಾಚಿಕೆಯ ಹುಡುಗಿ ಗೊಂಬೆಯ ಆಸೆಗೆ ಹಾಡಿದಳು. ಕೈಗಳು ಮೊದಲೇ ಕಲಿತಿದ್ದವು, ಕೊರಳು ಬಂದು ಅವುಗಳ ಜೊತೆ ಸೇರಿಕೊಂಡಿತು. ಈ ಕ್ರಮ ಮುಖ್ಯ. ಹೆಚ್ಚಿನ ಗಾಯಕರಿಗೆ ವಾದ್ಯ ಎಂದರೆ ಹಿಂಬದಿಯ ಆಸರೆ. ಶೆರ್ಲಿ ಅವರಲ್ಲಿ ಮೊದಲು ಯೋಚಿಸುವುದು ಕೈ. ಅದು ಇಟ್ಟ ಸ್ವರಗುಚ್ಛದ ಬಣ್ಣ ನೋಡಿ ದನಿ ತನ್ನ ಪದವನ್ನು ಎಲ್ಲಿ ಇಳಿಸಬೇಕೆಂದು ತೀರ್ಮಾನಿಸುತ್ತದೆ. ಇನ್ನೊಬ್ಬರು ಪಿಯಾನೊ ನುಡಿಸುತ್ತಿದ್ದರೆ ಗಾಯಕಿ ಅವರಿಗಾಗಿ ಕಾಯಬೇಕು, ಇಲ್ಲವೇ ಅವರು ಗಾಯಕಿಗಾಗಿ. ಇಬ್ಬರೂ ಒಬ್ಬರೇ ಆದಾಗ ಎಷ್ಟು ಹೊತ್ತು ಬೇಕಾದರೂ ಸುಮ್ಮನಿರಬಹುದು.

1954ರಲ್ಲಿ ಸ್ವಂತ ತಂಡ ಕಟ್ಟಿದರು. ಪಿಯಾನೊ, ಬೇಸ್, ಡ್ರಮ್, ಇಷ್ಟೇ. ಸಣ್ಣ ಕಂಪೆನಿಯೊಂದು 1960ರ ಸುಮಾರಿಗೆ 'ಎಂಬರ್ಸ್ ಅಂಡ್ ಆ್ಯಶಸ್' ಎಂಬ ಮೊದಲ ಆಲ್ಬಂ ತಂದಿತು. ಹೆಚ್ಚು ಜನ ಅದನ್ನು ಕೇಳಲಿಲ್ಲ, ಆದರೆ ಮೈಲ್ಸ್ ಡೇವಿಸ್ ಕೇಳಿದರು. ಆಗ ಜಾಝ್ ಲೋಕದಲ್ಲಿ ಅವರಿಗಿಂತ ದೊಡ್ಡ ಹೆಸರು ಹೆಚ್ಚಿರಲಿಲ್ಲ. ಅವರಿಂದ ಫೋನ್ ಬಂದಾಗ ಯಾರೋ ಕೀಟಲೆ ಮಾಡುತ್ತಿದ್ದಾರೆಂದೇ ಶೆರ್ಲಿ ತಿಳಿದರಂತೆ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ತನ್ನ ಕಾರ್ಯಕ್ರಮಕ್ಕೆ ಮುಂಚೆ ಆಕೆ ಹಾಡಬೇಕು, ಇಲ್ಲವಾದರೆ ತಾನೂ ನುಡಿಸುವುದಿಲ್ಲ ಎಂದು ಡೇವಿಸ್ ಹಟ ಹಿಡಿದರೆಂದು ಶೆರ್ಲಿ ಮುಂದೆ ಹೇಳಿಕೊಂಡಿದ್ದಾರೆ.

ಆಮೇಲೆ ದೊಡ್ಡ ಕಂಪೆನಿ ಬಂತು. 1963ರಲ್ಲಿ ಮರ್ಕ್ಯುರಿಗೆ ಎರಡು ಆಲ್ಬಂಗಳು, ಬೆನ್ನಿಗೆ ಕ್ವಿನ್ಸಿ ಜೋನ್ಸ್ ಅವರಂಥವರು. ಹಾಡುಗಳು ಚೆಂದ, ವಾದ್ಯವೃಂದ ಭರ್ಜರಿ. ಒಂದೇ ತೊಂದರೆ: ಪಿಯಾನೊ ಮುಂದೆ ಬೇರೆಯವರನ್ನು ಕೂರಿಸಿ ಇವರನ್ನು ಮೈಕಿನ ಮುಂದೆ ನಿಲ್ಲಿಸಿದರು. ಈ ಎರಡು ಆಲ್ಬಂಗಳನ್ನು ಮೊದಲನೆಯದರ ಪಕ್ಕದಲ್ಲಿಟ್ಟು ಕೇಳಿದರೆ ಏನು ಕಳೆದುಹೋಯಿತೆಂದು ಗೊತ್ತಾಗುತ್ತದೆ. ದನಿ ಅದೇ, ಉಚ್ಚಾರಣೆ ಅದೇ. ಆದರೆ ಈಗ ಅವರು ಲಯದ ಮೇಲೆ ಸವಾರಿ ಮಾಡುತ್ತಿರುವ ಅನೇಕ ಒಳ್ಳೆಯ ಗಾಯಕಿಯರಲ್ಲಿ ಒಬ್ಬರು. ಮಾರುಕಟ್ಟೆಗೆ ಬೇಕಾದದ್ದು ನಿಂತು ಹಾಡುವ ಹೆಂಗಸು. ಕೂತು, ಅರ್ಧ ಬೆನ್ನು ತಿರುಗಿಸಿ, ತನ್ನ ವಾದ್ಯದ ಮೇಲೆ ತಾನೇ ಅಧಿಕಾರ ನಡೆಸುವವಳು ಅದಕ್ಕೆ ಬೇಡವಾಗಿತ್ತು. 1965ರಲ್ಲಿ ಇನ್ನೊಂದು ಕಂಪೆನಿಗೆ ಮತ್ತೊಂದು ಆಲ್ಬಂ. ಅಷ್ಟರಲ್ಲಿ ರಾಕ್ ಸಂಗೀತದ ಅಲೆ ಎದ್ದು ಜಾಝ್ ಗಾಯಕಿಯರನ್ನು ಕೇಳುವವರೇ ಕಡಿಮೆಯಾದರು.

ಆಗ ಅವರು ಊರಿಗೆ ಮರಳಿದರು. ನಿಜವಾಗಿ ಊರು ಬಿಟ್ಟಿದ್ದೇ ಇಲ್ಲ ಎನ್ನಬೇಕು. ಮಗಳು ಸಣ್ಣವಳು, ಅವಳನ್ನು ಬಿಟ್ಟು ತಿರುಗಲಾರೆ ಎಂದು ತಾವೇ ಹೇಳಿದ್ದಾರೆ. ಅದನ್ನು ನಂಬಬೇಕು. ಆದರೆ ಇದನ್ನೇ ಹಿಡಿದು ಅವರಿಗೆ 'ತ್ಯಾಗಮಯಿ ತಾಯಿ'ಯ ಹಾರ ಹಾಕುವ ವಿಮರ್ಶಕರನ್ನು ಕಂಡರೆ ನನಗೆ ಅನುಮಾನ. ಅದೇ ಕಾಲದ ಗಂಡಸು ಕಲಾವಿದರು ವರ್ಷಕ್ಕೆ ಹತ್ತು ತಿಂಗಳು ಊರೂರು ಅಲೆದರು. ಅವರ ಮಕ್ಕಳನ್ನೂ ಯಾರೋ ಹೆಂಗಸರು ಮನೆಯಲ್ಲಿ ಕೂತು ಬೆಳೆಸಿದರು. ಅದನ್ನು ಯಾರೂ ಜಾಝ್ ಚರಿತ್ರೆಯಲ್ಲಿ ಬರೆಯಲಿಲ್ಲ. ಇನ್ನೊಂದು, ತ್ಯಾಗದ ಈ ಕಥೆ ಕಂಪೆನಿಗಳಿಗೂ ಅನುಕೂಲಕರ. ಇಂಥ ಕಲಾವಿದೆಯನ್ನು ಏನು ಮಾಡಬೇಕೆಂದು ತಮಗೆ ತಿಳಿಯಲಿಲ್ಲ ಎಂಬುದನ್ನು ಅದು ಮುಚ್ಚುತ್ತದೆ.

ಆ ವರ್ಷಗಳು ಸುಲಭದವೇನಲ್ಲ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯ ನಂತರ ವಾಷಿಂಗ್ಟನ್ ಹೊತ್ತಿ ಉರಿಯಿತು. ಕಪ್ಪು ಜನರ ಸಂಗೀತದ ಬೀದಿಯಾಗಿದ್ದ ಯು ಸ್ಟ್ರೀಟ್ ಬಹಳ ವರ್ಷ ಚೇತರಿಸಿಕೊಳ್ಳಲಿಲ್ಲ. 1965ರಿಂದ 1978ರವರೆಗೆ ಶೆರ್ಲಿ ಅವರ ಹೆಸರಿನಲ್ಲಿ ಬಂದದ್ದು ಒಂದೇ ಆಲ್ಬಂ. ಆದರೆ ಊರಿನಲ್ಲಿ ಅವರು ನುಡಿಸುತ್ತಲೇ ಇದ್ದರು, ತಮಗೆ ಬೇಕಾದ ಲಯದಲ್ಲಿ, ತಮ್ಮದೇ ಪಿಯಾನೊ ಮುಂದೆ. ಬೇಸ್ ನುಡಿಸುವ ಚಾರ್ಲ್ಸ್ ಏಬಲ್ಸ್, ಡ್ರಮ್ಮಿನ ಸ್ಟೀವ್ ವಿಲಿಯಮ್ಸ್ ಈ ಊರಿನ ಬದುಕಿನಲ್ಲೇ ಅವರಿಗೆ ಸಿಕ್ಕವರು. ಈ ಮೂವರು ಎರಡು ದಶಕಕ್ಕೂ ಹೆಚ್ಚು ಕಾಲ ಒಟ್ಟಿಗಿದ್ದರು. ಹಗಲು ಅಂಚೆ ಹಂಚಿ ರಾತ್ರಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಬಕ್ ಹಿಲ್ ಕೂಡ ಆ ಊರಿನವರೇ. ಮುಂದೆ ಶೆರ್ಲಿ ಅವರ ಆಲ್ಬಂಗಳಲ್ಲಿ ನುಡಿಸಿದರು. ಪ್ರಾದೇಶಿಕ ಕಲಾವಿದರೆಂದರೆ ದೊಡ್ಡ ಊರಿಗೆ ಹೋಗಲಾಗದೆ ಉಳಿದವರು ಎಂಬ ಭಾವನೆ ಎಲ್ಲ ಕಡೆಯೂ ಇದೆ. ಕಂಪೆನಿ ಒಡೆದಿಟ್ಟಿದ್ದ ಕೈ ಮತ್ತು ಕೊರಳು ಮತ್ತೆ ಬೆಸೆದುಕೊಂಡದ್ದು ಈ ಸಣ್ಣ ಜಾಗದಲ್ಲೇ. ನ್ಯೂಯಾರ್ಕಿನಲ್ಲಿ ಇದ್ದಿದ್ದರೆ ಅಷ್ಟು ನಿಧಾನಕ್ಕೆ ಬಾಡಿಗೆ ಕಟ್ಟಲು ಆಗುತ್ತಿತ್ತೇ?

ಅವರು ಶಾಲೆ ತೆರೆದು ಪಾಠ ಹೇಳಿದವರಲ್ಲ. ಆದರೂ ಅವರ ಪಕ್ಕದಲ್ಲಿ ಕೂತು ಕಲಿತವರಿದ್ದಾರೆ. ವಾಷಿಂಗ್ಟನ್ನಿನ ಹುಡುಗ ಬಿಲ್ಲಿ ಹಾರ್ಟ್ ಅವರ ತಂಡದಲ್ಲಿ ಡ್ರಮ್ ನುಡಿಸಿ ಪಳಗಿದರು. ಮುಂದೆ ದೊಡ್ಡ ಹೆಸರು ಮಾಡಿ, ಓಬರ್ಲಿನ್‌ನಂಥ ಸಂಗೀತ ಶಾಲೆಗಳಲ್ಲಿ ಮೇಷ್ಟರಾದ ಮೇಲೂ ಶೆರ್ಲಿ ಅವರನ್ನು ತಮ್ಮ ಗುರುಗಳ ಸಾಲಿನಲ್ಲಿ ನೆನೆದಿದ್ದಾರೆ. 1978ರಲ್ಲಿ ಡೆನ್ಮಾರ್ಕಿನ ಸ್ಟೀಪಲ್‌ಚೇಸ್ ಕಂಪೆನಿಗೆ 'ಎ ಲೇಝಿ ಆಫ್ಟರ್‌ನೂನ್' ಧ್ವನಿಮುದ್ರಣವಾದಾಗ ಡ್ರಮ್ ನುಡಿಸಿದವರೂ ಹಾರ್ಟ್ ಅವರೇ. ಯುರೋಪ್ ಹೀಗೆ ಮೊದಲು ಎಚ್ಚರಗೊಂಡಿತು. 1981ರ ನಾರ್ತ್ ಸೀ ಉತ್ಸವ, 1987ರಲ್ಲಿ ವರ್ವ್ ಕಂಪೆನಿ, ಆಮೇಲೆ ನಡೆದದ್ದೆಲ್ಲ ಬೇಗಬೇಗ.

ವರ್ವ್ ಕಾಲದ ಆಲ್ಬಂಗಳೆಲ್ಲ ಒಂದೇ ತೂಕದವಲ್ಲ. 1992ರ 'ಹಿಯರ್ಸ್ ಟು ಲೈಫ್' ಎಲ್ಲಕ್ಕಿಂತ ಹೆಚ್ಚು ಜನಪ್ರಿಯ; ಜಾನಿ ಮ್ಯಾಂಡೆಲ್ ಅವರ ಪಿಟೀಲುಗಳು ಮಧುರವಾಗಿವೆ, ಕೆಲವು ಕಡೆ ಅತಿ ಮಧುರ. ಶೆರ್ಲಿ ಖಾಲಿ ಬಿಟ್ಟ ಜಾಗಕ್ಕೆ ಪಿಟೀಲು ನುಗ್ಗಿದಾಗ ನನಗೆ ಕಸಿವಿಸಿಯಾಗುತ್ತದೆ. ಮರುವರ್ಷ ರೇ ಚಾರ್ಲ್ಸ್ ಅವರಿಗೆ ಅರ್ಪಿಸಿದ ಆಲ್ಬಂನಲ್ಲಿ ಎರವಲು ಅಂಗಿ ತೊಟ್ಟಂತಿದೆ. ನಿಧಾನವೂ ಕೆಲವೊಮ್ಮೆ ಚಾಳಿಯಾಗುತ್ತದೆ. ಎಲ್ಲ ಹಾಡುಗಳೂ ಅಷ್ಟು ಮೌನವನ್ನು ಹೊರಲಾರವು. ನನ್ನ ಆಯ್ಕೆ 1991ರ 'ಯು ವೋಂಟ್ ಫರ್ಗೆಟ್ ಮಿ'. ಅದರ ಶೀರ್ಷಿಕೆ ಹಾಡಿಗೆ ಮೈಲ್ಸ್ ಡೇವಿಸ್ ಬಂದು ನುಡಿಸಿದರು. ವರ್ಷಗಟ್ಟಲೆ ಇಂಥ ಹಳೆಯ ಹಾಡುಗಳಿಗೆ ಬೆನ್ನು ಮಾಡಿದ್ದವರು ಅವರು. ಹಾಡಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡುತ್ತಲೇ ಇರುತ್ತಾರೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಡೇವಿಸ್ ತೀರಿಕೊಂಡರು. ಅವರ ನೆನಪಿನ 1998ರ ಆಲ್ಬಂಗೆ ಶೆರ್ಲಿ ಅವರಿಗೆ ಗ್ರ್ಯಾಮಿ ಬಂತು. 1995ರಲ್ಲಿ ಒಂದು ಆಲ್ಬಂ ಅನ್ನು ವಾಷಿಂಗ್ಟನ್ನಿನ ತಮ್ಮ ಮನೆಯಲ್ಲೇ ಧ್ವನಿಮುದ್ರಿಸಿದರು. ಜೋ ಹೆಂಡರ್ಸನ್, ಎಲ್ವಿನ್ ಜೋನ್ಸ್ ಅವರಂಥ ದಿಗ್ಗಜರು ಆ ಮನೆಗೆ ಬಂದು ನುಡಿಸಿದರು.

ಈ ಮೌನದ ಮೂಲ ಹುಡುಕಿದರೆ ನಮಗೆ ಪರಿಚಿತವಾದ ಇನ್ನೊಂದು ಹೆಸರು ಸಿಗುತ್ತದೆ: ಅಹ್ಮದ್ ಜಮಾಲ್. ಪಿಟ್ಸ್‌ಬರ್ಗಿನಲ್ಲಿ 1930ರಲ್ಲಿ ಹುಟ್ಟಿ, ಎಳೆ ಪ್ರಾಯದಲ್ಲೇ ಇಸ್ಲಾಂ ಸ್ವೀಕರಿಸಿದ ಪಿಯಾನೊ ವಾದಕ. ಸ್ವರಗಳ ನಡುವಿನ ಬಿಡುವನ್ನೂ ಸಂಗೀತವಾಗಿಸಿದವರು. ಮೈಲ್ಸ್ ಡೇವಿಸ್ ಕೂಡ ಅವರಿಂದ ಕಲಿತವರೇ. ಶಾಸ್ತ್ರೀಯ ಸಂಗೀತದಲ್ಲಿ ತನಗೆ ಡೆಬ್ಯುಸಿ ಹೇಗೋ ಜಾಝ್‌ನಲ್ಲಿ ಜಮಾಲ್ ಹಾಗೆ ಎಂದು ಶೆರ್ಲಿ ಹೇಳುತ್ತಿದ್ದರು.

ಹೊಸ ಶತಮಾನ ಅವರಿಗೆ ಕೆಟ್ಟದಾಗಿ ಬಂತು. 2001ರಲ್ಲಿ ಏಬಲ್ಸ್ ತೀರಿಕೊಂಡರು. ಸಕ್ಕರೆ ಕಾಯಿಲೆ ಹೆಚ್ಚಾಗಿ ಶೆರ್ಲಿ ಅವರ ಬಲಪಾದವನ್ನು ಕತ್ತರಿಸಬೇಕಾಯಿತು. ಪಿಯಾನೊದ ನಾದವನ್ನು ಹಿಡಿದು ನಿಲ್ಲಿಸುವ ಪೆಡಲ್ ಇರುವುದು ಬಲಗಾಲಿನ ಕೆಳಗೆ. ಇಷ್ಟು ನಿಧಾನವಾಗಿ ನುಡಿಸುವವರಿಗೆ ಅದೇ ಉಸಿರು. 2003ರ 'ಮೇ ದ ಮ್ಯೂಸಿಕ್ ನೆವರ್ ಎಂಡ್'ನಲ್ಲಿ ಅವರು ಬರೀ ಹಾಡಿದರು. ಹಿಂದೆ ಕಂಪೆನಿ ಮಾಡಿದ್ದನ್ನು ಈ ಸಲ ಕಾಯಿಲೆ ಮಾಡಿತ್ತು. ಎರಡು ಹಾಡುಗಳಿಗೆ ಪಿಯಾನೊ ನುಡಿಸಲು ಬಂದವರು ಜಮಾಲ್. ಗಾಯಕಿಯರಿಗೆ ಸಾಥ್ ಕೊಡುವುದು ಅವರಿಗೆ ರೂಢಿಯಿರಲಿಲ್ಲ. ಅವರು ಬಿಟ್ಟ ಬಿಡುವುಗಳು ಶೆರ್ಲಿ ಅವರ ಬಿಡುವುಗಳಂಥವೇ, ಆದರೆ ಅವೇ ಅಲ್ಲ. ಕೇಳುತ್ತ ಕೂತರೆ ಆಕೆ ಕಾಯುತ್ತಿರುವುದು ತಿಳಿಯುತ್ತದೆ.

2004ರ ಕೊನೆಯ ಹೊತ್ತಿಗೆ ಅವರು ಮತ್ತೆ ಪಿಯಾನೊ ಮುಂದೆ ಕೂತರು. ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಕಛೇರಿಯನ್ನು ಧ್ವನಿಮುದ್ರಿಸಲಾಯಿತು. ಅದು ಅವರಿಗೆ ತೃಪ್ತಿ ಕೊಡಲಿಲ್ಲವಾದ್ದರಿಂದ ಪೂರ್ತಿ ಆಲ್ಬಂ ಹೊರಬರಲಿಲ್ಲ. ಕೆಲವು ಹಾಡುಗಳನ್ನು ಮಾತ್ರ 2005ರ ಸಂಕಲನದಲ್ಲಿ ಸೇರಿಸಿದರು. ಆ ವರ್ಷದ ಅಕ್ಟೋಬರ್ 20ರಂದು, 71ನೇ ವಯಸ್ಸಿನಲ್ಲಿ, ಶೆರ್ಲಿ ತೀರಿಕೊಂಡರು. ಆ ಕೆಲವು ಹಾಡುಗಳನ್ನು ನಾನು ಆಗಾಗ ಹಾಕಿಕೊಂಡು ಕೇಳುತ್ತೇನೆ. ದನಿ ದಣಿದಿದೆ. ಆದರೆ ಪಿಯಾನೊದ ಸ್ವರ ಮೂಡಿ, ಕರಗಿ, ಆಮೇಲೆ ಅರ್ಧ ಸಾಲು ಬರುವ ಹೊತ್ತಿಗೆ ಯಾರೂ ಯಾರಿಗಾಗಿಯೂ ಕಾಯುತ್ತಿಲ್ಲ.