ಬೆನ್ನನ್ನು ನೋಡುವ ವಿದ್ಯೆ

ಕ್ಯಾಲೆಂಡರಿನ ಲಕ್ಷ್ಮಿಗೆ ಕಟ್ಟುಹಾಕಿಸಿ, ಆಕೆಯ ಸೀರೆಯ ಜರಿಯನ್ನು ಬಾಯ್ತುಂಬ ಹೊಗಳಿ, ಅಷ್ಟರಿಂದಲೇ ತಾವು ಚಿತ್ರರಸಿಕರಾದೆವೆಂದು ನಂಬಿರುವ ಮಹನೀಯರು ಜರ್ಮನ್ ಕಲಾವಿದೆ ಕೇಟೆ ಕೋಲ್ವಿಟ್ಸ್‌ಳ ಅಚ್ಚುಚಿತ್ರಗಳನ್ನು ಕಂಡೊಡನೆ ಬಣ್ಣವೇಕಿಲ್ಲವೆಂದೂ, ಈ ಜನ ಏಕಿಷ್ಟು ಕುರೂಪಿಗಳೆಂದೂ ಕೇಳುವರು. ಆ ಎರಡು ಪ್ರಶ್ನೆಗಳನ್ನೂ ಪಾದರಕ್ಷೆಗಳೊಡನೆ ಹೊರಗೇ ಬಿಟ್ಟು ಬರತಕ್ಕದ್ದು.

1844ರ ಸೈಲೀಸಿಯದ ನೇಕಾರರ ದಂಗೆಯನ್ನು ವಸ್ತುವಾಗುಳ್ಳ ಹೌಪ್ಟ್‌ಮನ್‌ನ ನಾಟಕವನ್ನು 1893ರಲ್ಲಿ ನೋಡಿದ ಆಕೆ ಆರು ಹಾಳೆಗಳ ಚಿತ್ರಮಾಲೆಯೊಂದನ್ನು ರಚಿಸಿದಳು. 1898ರಲ್ಲಿ ಅದಕ್ಕೆ ಪದಕ ಕೊಡಬೇಕೆಂಬ ಸೂಚನೆ ಬಂದಾಗ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ ಒಪ್ಪಲಿಲ್ಲ. ನಮ್ಮ ಜರಿಪ್ರಿಯರಿಗಿಂತ ಆ ದೊರೆಯೇ ಮೇಲಾದ ರಸಿಕನೆಂದು ನನ್ನ ಎಣಿಕೆ. ಚಿತ್ರ ಯಾರಿಗೆ ಇದಿರಾಗಿ ನಿಂತಿದೆಯೆಂಬುದಾದರೂ ಆತನಿಗೆ ತಿಳಿದಿದ್ದಿರಬೇಕು.

ಹೊಸಬರು ಮುಖಗಳನ್ನು ಬಿಟ್ಟು ಬೆನ್ನುಗಳನ್ನು ನೋಡಲಿ. 1524-25ರ ಜರ್ಮನ್ ರೈತಬಂಡಾಯವನ್ನು ಕುರಿತು 1908ರಲ್ಲಿ ಮುಗಿದ ಏಳು ಹಾಳೆಗಳ ಮಾಲೆಯಲ್ಲಿ ಮೊದಲನೆಯದನ್ನು ತೆಗೆದುಕೊಳ್ಳಿ: ಎತ್ತುಗಳಿರಬೇಕಾದೆಡೆ ಮನುಷ್ಯರು ನೇಗಿಲಿಗೆ ಹೂಡಲ್ಪಟ್ಟು, ಅವರ ಬೆನ್ನು ಹೆಚ್ಚುಕಡಮೆ ನೆಲಕ್ಕೆ ಸಮಾನಾಂತರವಾಗಿದೆ. ಒಡೆಯನ ಚಿತ್ರ ಅಲ್ಲೆಲ್ಲಿಯೂ ಇಲ್ಲ. ಬೇಕಾಗಿಯೂ ಇಲ್ಲ, ಆತನ ಭಾರವೆಷ್ಟೆಂಬುದನ್ನು ಆ ಬಾಗುವಿಕೆಯೇ ಅಳೆದು ತೋರಿಸುತ್ತದೆ. ಅದೇ ಜನ ಐದನೆಯ ಹಾಳೆಯಲ್ಲಿ ಮುನ್ನುಗ್ಗುತ್ತಾರೆ. ಕಪ್ಪು ಆನ್ನಾ ಎಂಬ ಹೆಂಗಸು ನಮಗೆ ಬೆನ್ನುಮಾಡಿ, ಎರಡು ತೋಳುಗಳನ್ನೂ ಮೇಲೆತ್ತಿ ಅವರನ್ನು ಹುರಿದುಂಬಿಸುತ್ತಾಳೆ. ಮಿತ್ರರೊಬ್ಬರ ಮನೆಯಲ್ಲಿ ಈ ಹಾಳೆಯ ದೊಡ್ಡ ಪ್ರತಿಯ ಮುಂದೆ ಕುಳಿತು, ಕಾಣದ ಆ ಮುಖದಲ್ಲಿರಬಹುದಾದ ಕೋಪವನ್ನೆಲ್ಲ ಭುಜದ ಮೂಳೆಗಳಲ್ಲಿ ಓದಿಕೊಂಡ ಸಂಜೆಯೇ ನನಗೆ ಚಿತ್ರವೆಂಬುದು ಅರ್ಥವಾದದ್ದು. ತಾಮ್ರಪಟದ ಮೇಲಿನ ಮೃದುಲೇಪಕ್ಕೆ ನಿಜವಾದ ಬಟ್ಟೆಯನ್ನೊತ್ತಿ ಅದರ ನೇಯ್ಗೆಯ ಗುರುತನ್ನು ಕಲಾವಿದೆ ಅಲ್ಲಿ ಮೂಡಿಸಿದ್ದಾಳೆಂದು ಮಿತ್ರರು ಬೆರಳಿಟ್ಟು ತೋರಿಸಿದ ಮೇಲಂತೂ ನಾನು ಆ ಊರಿನ ಕೊನೆಯ ಬಸ್ಸನ್ನೇ ಮರೆತೆ.

ಆಕೆಯ ಭಿತ್ತಿಪತ್ರಗಳ ವಿಚಾರ ಇಲ್ಲಿ ಬೇಡ. ಅವು ತಮ್ಮ ಮಾತನ್ನು ತಾವೇ ಕೂಗಿ ಹೇಳುತ್ತವೆ. ಶಿಲ್ಪಗಳಿಗೆ ಬೇರೆಯೇ ಲೇಖನ ಬೇಕು.

ಮತ್ತೆ ರೈತರ ಮಾಲೆಗೆ ಬಂದರೆ, ಅದರ ಆರನೆಯ ಹಾಳೆ ರಣಭೂಮಿಯದು. ಅಲ್ಲಿ ಬರಿಯ ಕತ್ತಲೆಯಿದೆಯೆಂದು ದಾಟಿಹೋದವರನ್ನು ನಾನು ಬಲ್ಲೆ. ಕಣ್ಣು ಆ ಕಪ್ಪಿಗೆ ಒಗ್ಗುವವರೆಗೆ ನಿಂತರೆ, ಲಾಂದ್ರ ಹಿಡಿದ ತಾಯಿಯೊಬ್ಬಳು ಹೆಣಗಳ ನಡುವೆ ಬಗ್ಗಿ ಮಗನನ್ನು ಹುಡುಕುತ್ತಿರುವುದು ಕಾಣುತ್ತದೆ. ಉಳುವವನ ಬಾಗುವಿಕೆ ಈಗ ಆಕೆಯ ಬೆನ್ನಿಗೆ ಬಂದಿದೆ. ಕೊನೆಯ ಹಾಳೆಯ ಸೆರೆಯಾಳುಗಳನ್ನು ಕಂಡು ನಿಟ್ಟುಸಿರಿಟ್ಟು ನಡೆದುಬಿಡದೆ, ಹಗ್ಗ ಬಿಗಿದ ಮೇಲೂ ಯಾರ ಬೆನ್ನು ಬಾಗಿದೆ, ಯಾರದು ಬಾಗಿಲ್ಲ ಎಂದು ಒಬ್ಬೊಬ್ಬರನ್ನೇ ನಿಂತು ನೋಡತಕ್ಕದ್ದು.